ಬೀಗ ಪೂರ್ತಿ ಬದಲಿಸಬೇಕಾ, ಸಿಲಿಂಡರ್ ಬದಲಿಸಿದರೆ ಸಾಕಾ? ಮನೆ ಬಾಗಿಲಿನ ಲಾಕ್‌ಗೆ ಸಮಗ್ರ ಮಾರ್ಗದರ್ಶಿ

ಕೀ ಕಳೆದುಹೋಗಿದೆ. ಅಥವಾ ಹಳೆ ಬಾಡಿಗೆದಾರರು ಖಾಲಿ ಮಾಡಿದ್ದಾರೆ, ಅವರು ಎಷ್ಟು ಡೂಪ್ಲಿಕೇಟ್ ಮಾಡಿಸಿಕೊಂಡಿದ್ದರೋ ಗೊತ್ತಿಲ್ಲ. ಅಥವಾ ಹೊಸ ಫ್ಲ್ಯಾಟ್ ಕೈಗೆ ಬಂದಿದೆ, ಅದರ ಕೀ ಪೇಂಟರ್, ಟೈಲ್ಸ್‌ನವರು, ಎಲೆಕ್ಟ್ರಿಷಿಯನ್ ಎಲ್ಲರ ಜೇಬಿನಲ್ಲೂ ಓಡಾಡಿದೆ. ಇಂಥ ಹೊತ್ತಲ್ಲಿ ನಾವು ಮೊದಲು ಕರೆಯುವುದು ಕಾರ್ಪೆಂಟರನ್ನು. ಅವರು ಬಂದವರೇ 'ಲಾಕೇ ಚೇಂಜ್ ಮಾಡಿಬಿಡೋಣ ಸಾರ್' ಅನ್ನುತ್ತಾರೆ. ಹ್ಯಾಂಡಲ್, ಪ್ಲೇಟ್, ಬಾಡಿ ಎಲ್ಲ ಸೇರಿ ಹೊಸ ಸೆಟ್ಟು, ಮೇಲೆ ಕೂಲಿ.

ಹೆಚ್ಚಿನ ಮನೆಗಳಲ್ಲಿ ಅಷ್ಟೆಲ್ಲ ಬೇಕಾಗಿಲ್ಲ. ಬೀಗದಲ್ಲಿ ಕೀಯನ್ನು ಗುರುತು ಹಿಡಿಯುವ ಭಾಗ ಒಂದೇ ಒಂದು, ಸಿಲಿಂಡರ್. ಅದೊಂದನ್ನು ಬದಲಿಸಿದರೆ, ಅಥವಾ ಅದರೊಳಗಿನ ಪಿನ್ನುಗಳನ್ನು ಬೇರೆ ಕೀಗೆ ಹೊಂದುವಂತೆ ಜೋಡಿಸಿದರೆ, ಹಳೆ ಕೀ ಕೆಲಸಕ್ಕೆ ಬಾರದು. ಪಿನ್ ಬದಲಿಸುವ ಈ ಎರಡನೇ ಕೆಲಸಕ್ಕೆ ರೀಕೀ ಅನ್ನುತ್ತಾರೆ. ಅಮೆರಿಕದಲ್ಲಿ ಇದು ತೀರಾ ಮಾಮೂಲಿ. ನಮ್ಮಲ್ಲಿ ಪಿನ್ ಬಿಡಿಯಾಗಿ ಸಿಗುವುದು ಕಷ್ಟ, ಆದರೆ ಸಿಲಿಂಡರ್ ಬಿಡಿಯಾಗಿ ಆರಾಮಾಗಿ ಸಿಗುತ್ತದೆ. ಹಾಗಾಗಿ ನಮ್ಮ ಊರಿನ ಮನೆಗಳಿಗೆ ನಾನು ಹೇಳುವ ದಾರಿ ಸಿಲಿಂಡರ್ ಬದಲಾವಣೆ. ಒಂದು ಸ್ಟಾರ್ ಸ್ಕ್ರೂಡ್ರೈವರ್ ಇದ್ದರೆ ನೀವೇ ಮಾಡಬಹುದು.

ಮೊದಲು ತೊಂದರೆ ಬೀಗದ್ದೋ ಬಾಗಿಲದ್ದೋ ನೋಡಿ

ಕೀ ಬಿಗಿಯಾಗಿ ತಿರುಗುತ್ತಿದೆ, ಬೀಗ ಕೆಟ್ಟಿದೆ ಅಂತ ಹೊಸದು ತರಲು ಹೊರಟಿದ್ದೀರಾ? ಸ್ವಲ್ಪ ತಾಳಿ. ಬಾಗಿಲು ಪೂರ್ತಿ ತೆರೆದಿಟ್ಟು ಕೀ ತಿರುಗಿಸಿ. ಬೋಲ್ಟ್ ಸಲೀಸಾಗಿ ಹೊರಗೆ ಬಂದು ಒಳಗೆ ಹೋಗುತ್ತಿದೆಯಾ? ಈಗ ಬಾಗಿಲು ಮುಚ್ಚಿ ತಿರುಗಿಸಿ. ಮುಚ್ಚಿದಾಗ ಮಾತ್ರ ಹಿಡಿಯುತ್ತಿದ್ದರೆ ತಪ್ಪು ಬೀಗದ್ದಲ್ಲ. ಮಳೆಗಾಲದಲ್ಲಿ ಮರ ಉಬ್ಬಿದೆ, ಇಲ್ಲವೇ ಹಿಂಜ್ ಸ್ಕ್ರೂ ಸಡಿಲವಾಗಿ ಬಾಗಿಲು ಕೆಳಗೆ ಇಳಿದಿದೆ. ಬೋಲ್ಟ್ ಹೋಗಿ ಚೌಕಟ್ಟಿನ ತಗಡಿಗೆ ಬಡಿಯುತ್ತಿದೆ. ಆ ತಗಡಿನ ಅಂಚಲ್ಲಿ ಉಜ್ಜಿದ ಗುರುತು ಹೊಳೆಯುತ್ತಿರುತ್ತದೆ, ನೋಡಿದರೆ ಗೊತ್ತಾಗುತ್ತದೆ. ಹಿಂಜ್ ಸ್ಕ್ರೂ ಬಿಗಿ ಮಾಡಿ. ಸಾಲದಿದ್ದರೆ ತಗಡಿನ ತೂತನ್ನು ಅರದಿಂದ ಒಂದೆರಡು ಮಿಲಿಮೀಟರ್ ಉಜ್ಜಿ. ಖರ್ಚು ಸೊನ್ನೆ. ಮಲೆನಾಡು, ಕರಾವಳಿ ಕಡೆ ಜೂನ್ ಬಂತೆಂದರೆ ಇದು ಪ್ರತಿ ವರ್ಷದ ಕಥೆ.

ತೆರೆದ ಬಾಗಿಲಲ್ಲೂ ಕೀ ಹಿಡಿಯುತ್ತಿದ್ದರೆ ಡೂಪ್ಲಿಕೇಟ್ ಬಿಟ್ಟು ಮೂಲ ಕೀ ಹಾಕಿ ನೋಡಿ. ಡೂಪ್ಲಿಕೇಟಿನಿಂದ ಡೂಪ್ಲಿಕೇಟು ಮಾಡಿಸುತ್ತಾ ಹೋದರೆ ಪ್ರತಿ ಸಲವೂ ಅಳತೆ ಚೂರು ಚೂರೇ ತಪ್ಪುತ್ತದೆ. ಮೂಲ ಕೀಗೂ ಹಿಡಿದರೆ ಕೀ ತೂತಿಗೆ ಸ್ವಲ್ಪ ಗ್ರಾಫೈಟ್ ಪುಡಿ ಊದಿ. ಅಡುಗೆ ಎಣ್ಣೆ, ಹೊಲಿಗೆ ಮಷಿನ್ ಎಣ್ಣೆ ಬೇಡ. ಅಂದಿಗೆ ನಯವಾಗುತ್ತದೆ, ಆಮೇಲೆ ಧೂಳು ಅಂಟಿಕೊಂಡು ಇನ್ನೂ ಜಾಸ್ತಿ ಕೂತುಬಿಡುತ್ತದೆ.

ನಿಮ್ಮ ಬಾಗಿಲಲ್ಲಿ ಇರುವುದು ಯಾವ ಬೀಗ?

ಇದು ಗೊತ್ತಾದರೆ ಅರ್ಧ ತೀರ್ಮಾನ ಆದಂತೆ.

ಹ್ಯಾಂಡಲ್ ಇದ್ದು, ಬಾಗಿಲಿನ ದಪ್ಪದೊಳಗೇ ಬಾಡಿ ಕೂತಿದ್ದರೆ ಅದು ಮಾರ್ಟೈಸ್ ಲಾಕ್. ಹ್ಯಾಂಡಲ್ ಕೆಳಗೆ ಕೀ ತೂತು ಮೇಲೆ ದುಂಡಗೆ, ಕೆಳಗೆ ಉದ್ದಕ್ಕೆ ಇಳಿದಂತೆ ಕಂಡರೆ ಒಳಗಿರುವುದು ಯುರೋ ಪ್ರೊಫೈಲ್ ಸಿಲಿಂಡರ್. ಈಗಿನ ಅಪಾರ್ಟ್‌ಮೆಂಟುಗಳಲ್ಲಿ ಬಹುಪಾಲು ಇದೇ. ಬದಲಿಸಲು ಎಲ್ಲಕ್ಕಿಂತ ಸುಲಭವೂ ಇದೇ.

ಬಾಗಿಲಿನ ಒಳಮೈಗೆ ಪೆಟ್ಟಿಗೆಯಂತೆ ಸ್ಕ್ರೂ ಹೊಡೆದು ಕೂರಿಸಿದ್ದು ನೈಟ್ ಲ್ಯಾಚ್, ಅಥವಾ ಮೂರು ಬೋಲ್ಟಿನ ರಿಮ್ ಲಾಕ್. ಇದರಲ್ಲಿ ಕೆಲವಕ್ಕೆ ಹೊರಗಿನ ದುಂಡು ಸಿಲಿಂಡರ್ ಬೇರೆಯಾಗಿ ಬರುತ್ತದೆ, ಕೆಲವಕ್ಕೆ ಇಲ್ಲ. ಮಾಡೆಲ್ ಹೆಸರು ಹೇಳಿ ಅಂಗಡಿಯಲ್ಲಿ ಕೇಳುವುದೇ ದಾರಿ. ಬೇರೆ ಸಿಗುವಂಥದ್ದಾದರೆ ಅದರ ಹಿಂಬದಿ ಒಂದು ಚಪ್ಪಟೆ ಪಟ್ಟಿ ಇರುತ್ತದೆ. ಬಾಗಿಲಿನ ದಪ್ಪಕ್ಕೆ ತಕ್ಕಂತೆ ಮುರಿದುಕೊಳ್ಳಲು ಅದರ ಮೇಲೆ ಗೆರೆ ಹಾಕಿರುತ್ತಾರೆ. ಹಳೆಯದರ ಪಕ್ಕ ಇಟ್ಟು ಅಳೆದು, ಇಕ್ಕಳದಲ್ಲಿ ಮುರಿಯಿರಿ. ಗಿಡ್ಡ ಮಾಡಿದರೆ ಮತ್ತೆ ಉದ್ದ ಮಾಡಲಾಗದು.

ಬೆಡ್‌ರೂಮಿನ ದುಂಡು ನಾಬ್ ಲಾಕಿಗೆ ತಲೆ ಕೆಡಿಸಿಕೊಳ್ಳಬೇಡಿ. ಪೂರ್ತಿ ಬದಲಿಸಿದರೂ ಹೆಚ್ಚು ಖರ್ಚಿಲ್ಲ.

ಇನ್ನು ಲಿವರ್ ಬೀಗಗಳು. ಗೇಟಿಗೆ, ಗ್ರಿಲ್ಲಿಗೆ, ಅಂಗಡಿ ಷಟರಿಗೆ ಹಾಕುವ 6 ಲಿವರ್, 7 ಲಿವರ್ ಬೀಗಗಳು, ಹಳೆ ಮನೆಗಳ ಪೆಟ್ಟಿಗೆ ಬೀಗಗಳು. ಇವುಗಳಲ್ಲಿ ಪಿನ್ ಇರುವುದಿಲ್ಲ, ಒಂದರ ಮೇಲೊಂದು ಜೋಡಿಸಿದ ಹಿತ್ತಾಳೆ ತಗಡುಗಳಿರುತ್ತವೆ. ಅಲೀಗಢ, ದಿಂಡಿಗಲ್ ಊರುಗಳು ಹೆಸರು ಮಾಡಿದ್ದು ಬೀಗದಿಂದಲೇ. ದಿಂಡಿಗಲ್ ಬೀಗಕ್ಕೆ 2019ರಲ್ಲಿ ಜಿಐ ಟ್ಯಾಗ್ ಕೂಡ ಸಿಕ್ಕಿದೆ. ಬೀಗ ಬಿಚ್ಚಲು ಬರುವಂತಿದ್ದರೆ, ಕೈ ಪಳಗಿದ ಕೀ ಮಾಡುವವರು ತಗಡುಗಳ ಕ್ರಮ ಬದಲಿಸಿ ಹೊಸ ಕೀ ಅರೆದು ಕೊಡಬಲ್ಲರು. ರಿವೆಟ್ ಹೊಡೆದ ಬೀಗವಾದರೆ ಆ ಆಸೆ ಬಿಡಿ, ಹೊಸದು ತನ್ನಿ. ಅಜ್ಜನ ಕಾಲದ ತೇಗದ ಬಾಗಿಲಿಗೆ ಹಳೆ ಬೀಗ ಇದ್ದರೆ ಮಾತ್ರ ದಯವಿಟ್ಟು ಕಿತ್ತು ಹಾಕಬೇಡಿ. ಅದರ ಪಾಡಿಗೆ ಅದು ಇರಲಿ, ಮೇಲೆ ಇನ್ನೊಂದು ಬೀಗ ಕೂರಿಸಿ.

ಯುರೋ ಸಿಲಿಂಡರ್ ಬದಲಿಸುವುದು ಹೇಗೆ

1. ಬಾಗಿಲು ತೆರೆದಿಡಿ. ಗಾಳಿಗೆ ಬಡಿದು ಮುಚ್ಚಿಕೊಳ್ಳದಂತೆ ಏನಾದರೂ ಅಡ್ಡ ಇಡಿ. ಸಿಲಿಂಡರ್ ಇಲ್ಲದ ಬಾಗಿಲು ಮುಚ್ಚಿಕೊಂಡರೆ ಒಳಗಿದ್ದವರು ಒಳಗೆ, ಹೊರಗಿದ್ದವರು ಹೊರಗೆ. ಬೋಲ್ಟ್ ಒಳಗೆ ಎಳೆದುಕೊಂಡಿರಲಿ.

2. ಬಾಗಿಲಿನ ಅಂಚಿನಲ್ಲಿ ಉದ್ದನೆಯ ಲೋಹದ ಪಟ್ಟಿ ಇದೆಯಲ್ಲ, ಅದರಲ್ಲಿ ಕೀ ತೂತಿನ ಮಟ್ಟಕ್ಕೆ ಸರಿಯಾಗಿ ಒಂದು ಸ್ಕ್ರೂ ಇರುತ್ತದೆ. ಮೇಲೆ ಕೆಳಗೆ ಇರುವ ಸ್ಕ್ರೂಗಳು ಬಾಡಿಯನ್ನು ಮರಕ್ಕೆ ಹಿಡಿದಿರುವಂಥವು, ಅವನ್ನು ಮುಟ್ಟಬೇಡಿ. ನಡುವಿನದೊಂದೇ ಬಿಚ್ಚಿ. ಬೆರಳುದ್ದದ ತೆಳು ಸ್ಕ್ರೂ ಹೊರಗೆ ಬರುತ್ತದೆ. ಕಾಣಿಸದಿದ್ದರೆ ಪಟ್ಟಿಯ ಮೇಲೆ ಇನ್ನೊಂದು ಅಂದದ ಪಟ್ಟಿ ಹೊದಿಸಿರುತ್ತಾರೆ, ಅದನ್ನು ಮೊದಲು ತೆಗೆಯಿರಿ.

3. ಸ್ಕ್ರೂ ತೆಗೆದರೂ ಸಿಲಿಂಡರ್ ಎಳೆದರೆ ಬರುವುದಿಲ್ಲ. ಬಹಳ ಜನ ಇಲ್ಲೇ ಸುತ್ತಿಗೆ ಹುಡುಕಲು ಹೋಗುತ್ತಾರೆ. ಸಿಲಿಂಡರಿನ ನಡುವೆ ಒಂದು ಪುಟ್ಟ ನಾಲಿಗೆಯಂಥ ತುಂಡು ಇದೆ, ಬೋಲ್ಟ್ ತಳ್ಳುವುದು ಅದೇ. ಅದು ಪಕ್ಕಕ್ಕೆ ಚಾಚಿಕೊಂಡಿದ್ದರೆ ಬೀಗದ ಬಾಡಿಯೊಳಗೆ ಸಿಕ್ಕಿಹಾಕಿಕೊಳ್ಳುತ್ತದೆ. ಕೀ ಹಾಕಿ ಹತ್ತು ಹದಿನೈದು ಡಿಗ್ರಿಯಷ್ಟು, ಅಂದರೆ ತೀರಾ ಸ್ವಲ್ಪ, ಆ ಕಡೆ ಈ ಕಡೆ ತಿರುಗಿಸುತ್ತಾ ಮೆಲ್ಲಗೆ ಎಳೆಯಿರಿ. ನಾಲಿಗೆ ಸಿಲಿಂಡರಿನ ನೇರಕ್ಕೆ ಬಂದ ಕ್ಷಣ ಜಾರಿ ಹೊರಗೆ ಬರುತ್ತದೆ. ಕೀ ಇಲ್ಲದಿದ್ದರೆ, ಒಳಗೆ ನಾಬ್ ಇದ್ದರೆ ಅದನ್ನೇ ತಿರುಗಿಸಿ. ಎರಡೂ ಕಡೆ ಕೀ ತೂತಿದ್ದು ಒಂದೂ ಕೀ ಇಲ್ಲ ಅಂದರೆ ಕೀ ಮೇಕರನ್ನು ಕರೆಯಬೇಕು.

4. ಅಳತೆ. ತಪ್ಪಾಗುವುದು ಇಲ್ಲೇ. ಸಿಲಿಂಡರಿನ ಒಟ್ಟು ಉದ್ದ ಅಳೆದರೆ ಸಾಲದು. ಸ್ಕ್ರೂ ಕೂರುವ ತೂತಿನ ನಡುವಿನಿಂದ ಒಂದು ತುದಿಗೆ ಎಷ್ಟು, ಇನ್ನೊಂದು ತುದಿಗೆ ಎಷ್ಟು, ಎರಡನ್ನೂ ಬರೆದುಕೊಳ್ಳಿ. 30-30 ಅಂದರೂ 60 ಮಿಲಿಮೀಟರ್, 25-35 ಅಂದರೂ 60. ಒಂದರ ಜಾಗದಲ್ಲಿ ಇನ್ನೊಂದು ಕೂರಿಸಿದರೆ ಒಂದು ಕಡೆ ಉಬ್ಬಿ ನಿಲ್ಲುತ್ತದೆ, ಇನ್ನೊಂದು ಕಡೆ ಒಳಗೆ ಹೂತುಹೋಗುತ್ತದೆ. ಎರಡು ಬದಿ ಬೇರೆ ಬೇರೆ ಇದ್ದರೆ ಯಾವುದು ಹೊರಗಿನದು ಅಂತ ಪೆನ್ನಲ್ಲಿ ಗುರುತು ಹಾಕಿ.

5. ಹಳೆ ಸಿಲಿಂಡರನ್ನೇ ಜೇಬಿಗೆ ಹಾಕಿಕೊಂಡು ಅಂಗಡಿಗೆ ಹೋಗಿ. ಬೆಂಗಳೂರಾದರೆ ಎಸ್‌ಪಿ ರೋಡ್ ಕಡೆಯ ಹಾರ್ಡ್‌ವೇರ್ ಅಂಗಡಿಗಳಲ್ಲಿ ಬೇಕಾದಷ್ಟು ಬಗೆ ಇರುತ್ತದೆ, ಬೇರೆ ಊರಲ್ಲೂ ಬಾಗಿಲ ಹ್ಯಾಂಡಲ್ ಮಾರುವ ದೊಡ್ಡ ಅಂಗಡಿಯಲ್ಲಿ ಸಿಗುತ್ತದೆ. ಫೋಟೋ ತೋರಿಸಿ ತರುವುದಕ್ಕಿಂತ ವಸ್ತು ತೋರಿಸಿ ತರುವುದು ಮೇಲು. ಅಷ್ಟು ಹೊತ್ತು ಮನೆಯಲ್ಲಿ ಯಾರಾದರೂ ಇರಬೇಕು, ಅದನ್ನು ಮರೆಯಬೇಡಿ.

6. ಹೊಸದನ್ನು ಅದೇ ರೀತಿ ನಾಲಿಗೆ ನೇರ ಮಾಡಿಕೊಂಡು ಒಳಗೆ ತಳ್ಳಿ. ಸ್ಕ್ರೂ ಅರ್ಧ ಬಿಗಿ ಮಾಡಿ, ಕೀ ತಿರುಗಿಸಿ ನೋಡಿ, ಆಮೇಲೆ ಪೂರ್ತಿ ಬಿಗಿ ಮಾಡಿ. ಶಕ್ತಿಯೆಲ್ಲ ಹಾಕಿ ತಿರುಚಬೇಡಿ. ಜಾಸ್ತಿ ಬಿಗಿಯಾದರೆ ಸಿಲಿಂಡರ್ ವಾಲಿ ಕೀ ಹಿಡಿಯಲು ಶುರುವಾಗುತ್ತದೆ.

7. ಹೊರಗಿನಿಂದ ಬೆರಳಾಡಿಸಿ ನೋಡಿ. ಸಿಲಿಂಡರ್ ಪ್ಲೇಟಿನಿಂದ ಎರಡು ಮೂರು ಮಿಲಿಮೀಟರಿಗಿಂತ ಜಾಸ್ತಿ ಹೊರಗೆ ಬಂದಿರಬಾರದು. ಸ್ಕ್ರೂ ಕೂರುವ ಜಾಗ ಸಿಲಿಂಡರಿನ ಅತ್ಯಂತ ತೆಳು ಭಾಗ. ಹೊರಗೆ ಚಾಚಿದ ತುದಿ ಕೈಗೆ ಸಿಕ್ಕರೆ ಇಕ್ಕಳದಲ್ಲಿ ಹಿಡಿದು ಅಲ್ಲಿಗೇ ಮುರಿಯಬಹುದು. ಕಳ್ಳರಿಗೆ ಇದು ಚೆನ್ನಾಗಿ ಗೊತ್ತು.

ಬಾಗಿಲು ತೆರೆದೇ ಇರುವಾಗ ಎರಡೂ ಕಡೆಯಿಂದ, ಸೆಟ್ಟಿನಲ್ಲಿ ಬಂದ ಪ್ರತಿಯೊಂದು ಕೀಯನ್ನೂ ಹಾಕಿ ತಿರುಗಿಸಿ. ಎಲ್ಲವೂ ಸರಿ ಅಂತಾದ ಮೇಲೆ ಮಾತ್ರ ಮುಚ್ಚಿ.

ಇನ್ನೊಂದು ಮಾತು, ಒಳಗೆ ನಾಬ್ ಇರಬೇಕೋ ಕೀ ತೂತು ಇರಬೇಕೋ ಅಂತ ಅಂಗಡಿಯವರು ಕೇಳುತ್ತಾರೆ. ನನ್ನ ಮತ ನಾಬ್‌ಗೆ. ರಾತ್ರಿ ಬೆಂಕಿ ಬಿದ್ದರೆ, ಯಾರಿಗಾದರೂ ಹುಷಾರಿಲ್ಲದಿದ್ದರೆ, ಕತ್ತಲಲ್ಲಿ ಕೀ ಹುಡುಕುತ್ತಾ ನಿಲ್ಲಬಾರದು. ಎರಡೂ ಕಡೆ ಕೀ ಇರುವ ಸಾದಾ ಸಿಲಿಂಡರಿನಲ್ಲಿ ಇನ್ನೊಂದು ತಾಪತ್ರಯ ಇದೆ. ಒಳಗೆ ಕೀ ಹಾಗೇ ಬಿಟ್ಟಿದ್ದರೆ ಹೊರಗಿನ ಕೀ ಪೂರ್ತಿ ಒಳಗೆ ಹೋಗುವುದೇ ಇಲ್ಲ. ವಯಸ್ಸಾದ ಅಮ್ಮ ಒಬ್ಬರೇ ಒಳಗೆ ಮಲಗಿದ್ದು ಕೀ ಅಲ್ಲೇ ನೇತಾಡುತ್ತಿದ್ದರೆ ಹೊರಗಿದ್ದವರ ಗತಿ? ಅದು ಬೇಕೇ ಬೇಕು ಅಂದರೆ ಒಳಗೆ ಕೀ ಇದ್ದರೂ ಹೊರಗಿನಿಂದ ತೆಗೆಯಲು ಬರುವ ಸಿಲಿಂಡರ್ ಕೇಳಿ ತನ್ನಿ. ಆದರೆ ಬಾಗಿಲಿಗೆ ಅಂಟಿಕೊಂಡೇ ಕಿಟಕಿ ಇದ್ದು, ಗ್ರಿಲ್ ಸಂದಿಯಿಂದ ಕೈ ಹಾಕಿದರೆ ನಾಬ್ ಎಟುಕುವಂತಿದ್ದರೆ ಲೆಕ್ಕ ಬದಲಾಗುತ್ತದೆ. ಆಗ ಮೊದಲು ಆ ಕಿಟಕಿಗೆ ಜಾಲರಿ ಹೊಡೆಸಿ.

ಪಿನ್ ಬದಲಿಸುವುದು: ನಿಜವಾದ ರೀಕೀ

ಒಳಗೆ ಏನು ನಡೆಯುತ್ತದೆ ಅಂತ ಒಮ್ಮೆ ನೋಡಿಬಿಡೋಣ. ಲೈನಸ್ ಯೇಲ್ ಜೂನಿಯರ್ 1861ರಲ್ಲಿ ಪೇಟೆಂಟ್ ಪಡೆದ ಪಿನ್ ಬೀಗದ ಮೂಲ ಏರ್ಪಾಡು ಇವತ್ತಿಗೂ ಹೆಚ್ಚೇನೂ ಬದಲಾಗಿಲ್ಲ. ಕೀ ತೂತು ಇರುವ, ತಿರುಗುವ ಉರುಳೆಗೆ ಪ್ಲಗ್ ಅನ್ನುತ್ತಾರೆ. ಅದರಲ್ಲಿ ಸಾಲಾಗಿ ಐದೋ ಆರೋ ತೂತುಗಳು. ಪ್ರತಿ ತೂತಿನಲ್ಲಿ ಕೆಳಗೊಂದು ಪಿನ್, ಮೇಲೊಂದು ಪಿನ್, ಅದರ ಮೇಲೊಂದು ಸ್ಪ್ರಿಂಗ್. ಕೆಳಗಿನ ಪಿನ್ನುಗಳ ಉದ್ದ ಬೇರೆ ಬೇರೆ. ಸರಿಯಾದ ಕೀ ಹೋದಾಗ ಅದರ ಹಲ್ಲುಗಳು ಪ್ರತಿ ಕೆಳಪಿನ್ನನ್ನೂ ಪ್ಲಗ್ಗಿನ ಮೇಲ್ಮೈಗೆ ಸರಿಸಮ ಎತ್ತುತ್ತವೆ, ಪ್ಲಗ್ ತಿರುಗುತ್ತದೆ. ಒಂದು ಪಿನ್ ಕೂದಲೆಳೆಯಷ್ಟು ಮೇಲೋ ಕೆಳಗೋ ಇದ್ದರೂ ತಿರುಗದು. ರೀಕೀ ಅಂದರೆ ಈ ಕೆಳಪಿನ್ನುಗಳನ್ನು ಹೊಸ ಕೀಯ ಹಲ್ಲಿಗೆ ತಕ್ಕಂತೆ ಬದಲಿಸುವುದು, ಅಷ್ಟೇ.

ಅಮೆರಿಕದಲ್ಲಿ ಮನೆ ಕೊಂಡ ನಮ್ಮವರಿಗೆ ಈ ಭಾಗ ನೇರವಾಗಿ ಉಪಯೋಗಕ್ಕೆ ಬರುತ್ತದೆ. ಅಲ್ಲಿ ಕ್ವಿಕ್‌ಸೆಟ್, ಶ್ಲೇಗ್ ಕಂಪನಿಗಳ ಬೀಗ ಬಹಳ ಮನೆಗಳಲ್ಲಿರುತ್ತದೆ, ಅವಕ್ಕೆ ಪಿನ್, ಕೀ, ಸಲಕರಣೆ ಎಲ್ಲ ಇರುವ ಕಿಟ್ ಹಾರ್ಡ್‌ವೇರ್ ಅಂಗಡಿಯಲ್ಲೇ ಸಿಗುತ್ತದೆ. ಕಿಟ್ ತರುವ ಮೊದಲು ನಿಮ್ಮದು ಯಾವ ಕಂಪನಿಯದ್ದು ನೋಡಿಕೊಳ್ಳಿ, ಒಂದರ ಕಿಟ್ ಇನ್ನೊಂದಕ್ಕೆ ಆಗದು. ಬಾಡಿಗೆ ಮನೆಯಾದರೆ ಮಾಲೀಕರನ್ನು ಕೇಳದೆ ಕೈ ಹಾಕಬೇಡಿ.

ಒಂದು ಅಗಲವಾದ ಹರಿವಾಣ ತೆಗೆದುಕೊಂಡು ಅದರಲ್ಲಿ ಬಿಳಿ ಬಟ್ಟೆ ಹಾಸಿ. ಎಲ್ಲ ಕೆಲಸ ಅದರೊಳಗೇ ನಡೆಯಲಿ. ಸ್ಪ್ರಿಂಗುಗಳು ಸಾಸಿವೆ ಕಾಳಿಗಿಂತ ಸ್ವಲ್ಪ ದೊಡ್ಡವು, ಒಮ್ಮೆ ಹಾರಿದರೆ ಸೋಫಾ ಕೆಳಗೆ ಮಾಯ. ಈಗ ಬೀಗ ಬಿಚ್ಚಿ ಸಿಲಿಂಡರ್ ಹೊರಗೆ ತೆಗೆಯಿರಿ. ಅದರ ಹಿಂಬದಿ ಪ್ಲಗ್ಗನ್ನು ಹಿಡಿದಿರುವ ಸಣ್ಣ ಕ್ಲಿಪ್ಪೋ ಮುಚ್ಚಳವೋ ಇರುತ್ತದೆ, ಅದನ್ನು ತೆಗೆಯಿರಿ. ಹಳೆ ಕೀ ಹಾಕಿ ಸ್ವಲ್ಪ ಓರೆಯಾಗಿ ತಿರುಗಿಸಿ ಹಾಗೇ ಬಿಡಿ. ನೇರವಾಗಿಯೇ ಎಳೆದರೆ ಮೇಲಿನ ಪಿನ್ನುಗಳು ಪಕ್ಕದ ತೂತಿಗೆ ಬಿದ್ದುಬಿಡುತ್ತವೆ.

ಈಗ ಹಿಂಬದಿಯಿಂದ ಫಾಲೋವರ್ ಅನ್ನುವ ಕಡ್ಡಿಯಿಂದ ಪ್ಲಗ್ಗನ್ನು ಮುಂದಕ್ಕೆ ತಳ್ಳಬೇಕು. ಕಿಟ್‌ನಲ್ಲಿ ಇದು ಬರುತ್ತದೆ. ಇಲ್ಲದಿದ್ದರೆ ಪ್ಲಗ್ಗಿನಷ್ಟೇ ದಪ್ಪದ ನುಣುಪಾದ ಮರದ ಕಡ್ಡಿ ಆಗುತ್ತದೆ. ಕಡ್ಡಿ ಮತ್ತು ಪ್ಲಗ್ ನಡುವೆ ಒಂದು ಚೂರೂ ಸಂದಿ ಬೀಳಬಾರದು. ಪ್ಲಗ್ ಮುಂದೆ ಹೋದ ಹಾಗೆ ಕಡ್ಡಿ ಅದರ ಜಾಗಕ್ಕೆ ಬರುತ್ತಾ ಮೇಲಿನ ಪಿನ್, ಸ್ಪ್ರಿಂಗುಗಳನ್ನು ಒಳಗೇ ತಡೆದಿಟ್ಟುಕೊಳ್ಳುತ್ತದೆ. ಇಡೀ ಕೆಲಸದಲ್ಲಿ ಅವಸರ ಮಾಡಬಾರದ ಗಳಿಗೆ ಇದೊಂದೇ.

ಪ್ಲಗ್ ಕೈಗೆ ಬಂತಾ? ಕಡ್ಡಿಯನ್ನು ಸಿಲಿಂಡರಿನೊಳಗೇ ಬಿಟ್ಟು ಪಕ್ಕಕ್ಕಿಡಿ. ಪ್ಲಗ್ಗನ್ನು ಮಗುಚಿ ಹಳೆ ಕೆಳಪಿನ್ನುಗಳನ್ನು ಸುರಿದು, ಹೊಸ ಕೀ ಹಾಕಿ. ಕಿಟ್‌ನ ಕಾಗದದಲ್ಲಿ ಯಾವ ತೂತಿಗೆ ಯಾವ ಬಣ್ಣದ ಅಥವಾ ಸಂಖ್ಯೆಯ ಪಿನ್ ಅಂತ ಇರುತ್ತದೆ. ಚೂಪು ತುದಿ ಕೆಳಗೆ ಬರುವಂತೆ ಚಿಮಟದಲ್ಲಿ ಒಂದೊಂದಾಗಿ ಹಾಕಿ. ಎಲ್ಲ ಹಾಕಿದ ಮೇಲೆ ಪ್ಲಗ್ಗಿನ ಮೇಲೆ ಹೆಬ್ಬೆರಳು ಆಡಿಸಿ. ಒಂದು ಪಿನ್ನೂ ಬೆರಳಿಗೆ ಚುಚ್ಚಬಾರದು, ಒಂದೂ ಗುಂಡಿಯಂತೆ ತಗ್ಗಿರಬಾರದು. ಉಬ್ಬಿದ ಪಿನ್ನನ್ನು ಅರದಿಂದ ಉಜ್ಜಿ ಸಮ ಮಾಡುವ ಚಾಳಿ ಕೆಲವರಿಗಿದೆ. ಬೇಡ, ಸರಿಯಾದ ಪಿನ್ನೇ ಹಾಕಿ. ಆಮೇಲೆ ಪ್ಲಗ್ಗಿನಿಂದ ಕಡ್ಡಿಯನ್ನು ಹಿಂದಕ್ಕೆ ತಳ್ಳುತ್ತಾ, ಮತ್ತೆ ಓರೆಯಾಗಿಯೇ, ಒಳಗೆ ಸೇರಿಸಿ ನೇರ ಮಾಡಿ. ಕ್ಲಿಪ್ ಹಾಕುವವರೆಗೆ ಕೀ ಎಳೆಯಬೇಡಿ. ಎಳೆದರೆ ಪ್ಲಗ್ಗೂ ಅದರ ಜೊತೆ ಬಂದು, ಮೇಲಿನ ಪಿನ್, ಸ್ಪ್ರಿಂಗುಗಳೆಲ್ಲ ಹರಿವಾಣ ಸೇರುತ್ತವೆ.

ಕ್ವಿಕ್‌ಸೆಟ್‌ನ ಸ್ಮಾರ್ಟ್‌ಕೀ ಬೀಗವಾದರೆ ಇಷ್ಟೆಲ್ಲ ಇಲ್ಲ. ಕೀ ತೂತಿನ ಪಕ್ಕ ಒಂದು ಸಣ್ಣ ಸೀಳು ಇರುತ್ತದೆ. ಕೆಲಸ ಮಾಡುವ ಕೀ ಹಾಕಿ ಗಡಿಯಾರದ ಮುಳ್ಳಿನ ದಿಕ್ಕಿಗೆ ಕಾಲು ಸುತ್ತು ತಿರುಗಿಸಿ, ಸೀಳಿಗೆ ಅವರೇ ಕೊಡುವ ಪುಟ್ಟ ಕಡ್ಡಿ ಒತ್ತಿ ತೆಗೆದು, ಹಳೆ ಕೀ ತೆಗೆದು ಹೊಸದು ಹಾಕಿ ಹಿಂದಕ್ಕೆ ತಿರುಗಿಸಿದರೆ ಮುಗಿಯಿತು. ಬೀಗ ಬಾಗಿಲಿಂದ ಬಿಚ್ಚುವುದೂ ಬೇಡ. ಆದರೆ ಹಳೆ ಕೀ ಕೈಯಲ್ಲಿರಲೇಬೇಕು.

ನಮ್ಮಲ್ಲಿ ಕೀ ಮಾಡುವವರು ಇದನ್ನೇ ಬೇರೆ ರೀತಿ ಮಾಡುತ್ತಾರೆ. ಹೊಸ ಪಿನ್ ತರುವ ಬದಲು ಇರುವ ಪಿನ್ನುಗಳನ್ನೇ ಅದಲು ಬದಲು ಮಾಡಿ, ಆ ಕ್ರಮಕ್ಕೆ ಹೊಸ ಕೀ ಅರೆಯುತ್ತಾರೆ. ಐದೂ ಪಿನ್ ಬೇರೆ ಬೇರೆ ಅಳತೆಯವಾದರೆ 120 ರೀತಿ ಜೋಡಿಸಬಹುದು. ಕೆಲಸ ತಪ್ಪೇನಲ್ಲ, ಮಾಡುವವರ ಕೈ ಚೆನ್ನಾಗಿರಬೇಕು. ನಮ್ಮ ಕಣ್ಣೆದುರೇ ಮಾಡಿಸಿ, ಆದ ಮೇಲೆ ಹಳೆ ಕೀ ಹಾಕಿ ತಿರುಗುವುದಿಲ್ಲ ಅಂತ ನೋಡಿ ದುಡ್ಡು ಕೊಡಿ. ಪಿನ್ ಎರಡು ಕಡಿಮೆ ಹಾಕಿ ಸಲೀಸಾಗಿ ತಿರುಗುವ ಹಾಗೆ ಮಾಡಿಕೊಟ್ಟರೆ ನಮಗೆ ಗೊತ್ತೇ ಆಗುವುದಿಲ್ಲ, ಹಳೆ ಕೀಯ ಪರೀಕ್ಷೆ ಅದಕ್ಕೂ ಬೇಕು. ಮೈಮೇಲೆ ಸಣ್ಣ ಗುಳಿಗಳಿರುವ ಚಪ್ಪಟೆ ಕೀ, ಜನ ಕಂಪ್ಯೂಟರ್ ಕೀ ಅನ್ನುವಂಥದ್ದಕ್ಕೆ, ಇದನ್ನು ಮಾಡಿಸಬೇಡಿ. ಪಿನ್ನುಗಳು ಎರಡು ಮೂರು ಸಾಲಿನಲ್ಲಿರುತ್ತವೆ. ಕೂಲಿ, ಸಮಯ ಲೆಕ್ಕ ಹಾಕಿದರೆ ಹೊಸ ಸಿಲಿಂಡರೇ ವಾಸಿ.

ಪೂರ್ತಿ ಬದಲಿಸಲೇಬೇಕಾದಾಗ

ಕೀ ತಿರುಗಿದರೂ ಬೋಲ್ಟ್ ಅರ್ಧಕ್ಕೇ ನಿಲ್ಲುತ್ತಿದೆ. ಹ್ಯಾಂಡಲ್ ಜೋತುಬಿದ್ದಿದೆ, ಸ್ಪ್ರಿಂಗ್ ಹೋಗಿದೆ. ಯಾರೋ ಮೀಟಿ ತೆಗೆಯಲು ನೋಡಿ ಬಾಡಿ ಬಾಗಿದೆ. ಮಂಗಳೂರು, ಉಡುಪಿ, ಕಾರವಾರದ ಉಪ್ಪು ಗಾಳಿಗೆ ಒಳಗೆಲ್ಲ ತುಕ್ಕು ಹಿಡಿದಿದೆ. ಇಂಥಲ್ಲಿ ಸಿಲಿಂಡರ್ ಬದಲಿಸುವುದು ದುಡ್ಡು ದಂಡ. ಕರಾವಳಿಯವರು ಬೆಲೆ ಜಾಸ್ತಿಯಾದರೂ ಒಳ್ಳೆ ಸ್ಟೇನ್‌ಲೆಸ್ ಸ್ಟೀಲ್ ಅಥವಾ ಹಿತ್ತಾಳೆಯದನ್ನೇ ತೆಗೆದುಕೊಳ್ಳಿ. ಮೇಲೆ ಹೊಳಪಿನ ಲೇಪ ಕೊಟ್ಟ ಅಗ್ಗದ ಲೋಹ ಅಲ್ಲಿ ಬಾಳುವುದಿಲ್ಲ.

ಮಾರ್ಟೈಸ್ ಲಾಕ್ ಬದಲಿಸುವಾಗ ಹೊಸದು ಹಳೆ ತೂತಿಗೇ ಕೂರಬೇಕು. ಇಲ್ಲವಾದರೆ ಬಾಗಿಲಿಗೆ ಮತ್ತೆ ಉಳಿ ಹಾಕಬೇಕಾಗುತ್ತದೆ. ಫ್ಲಶ್ ಡೋರಿನಲ್ಲಿ ಹೀಗೆ ಎರಡೆರಡು ಸಲ ಕೊರೆದರೆ ಆ ಜಾಗ ಪೊಳ್ಳಾಗಿ, ಎಂಥ ದುಬಾರಿ ಬೀಗ ಹಾಕಿದರೂ ಒಂದು ಒದೆತಕ್ಕೆ ಬಾಗಿಲೇ ಸೀಳುತ್ತದೆ. ಹಾಗಾಗಿ ಅಂಗಡಿಗೆ ಹೋಗುವ ಮೊದಲು ಅಳೆಯಿರಿ: ಬಾಗಿಲಿನ ಅಂಚಿನಿಂದ ಕೀ ತೂತಿನ ನಡುವಿಗೆ ಎಷ್ಟು, ಹ್ಯಾಂಡಲಿನ ನಡುವಿನಿಂದ ಕೀ ತೂತಿನ ನಡುವಿಗೆ ಎಷ್ಟು, ಅಂಚಿನ ಪಟ್ಟಿಯ ಉದ್ದ ಅಗಲ, ಬಾಡಿಯ ಎತ್ತರ, ಬಾಗಿಲಿನ ದಪ್ಪ. ಎರಡನೆಯದು ಹೊಂದದಿದ್ದರೆ ಹಳೆ ಹ್ಯಾಂಡಲ್ ಪ್ಲೇಟ್ ಉಪಯೋಗಕ್ಕೆ ಬರುವುದಿಲ್ಲ. ಹೊಸ ಪ್ಲೇಟ್ ಹಳೆಯದಕ್ಕಿಂತ ಚಿಕ್ಕದಿದ್ದರೆ ಹಳೆ ಸ್ಕ್ರೂ ತೂತು, ಪಾಲಿಶ್ ಹೋದ ಗುರುತು ಎಲ್ಲ ಕಾಣುತ್ತದೆ. ಸಮ ಅಥವಾ ದೊಡ್ಡದೇ ತನ್ನಿ.

ಬೆರಳಚ್ಚಿನ ಡಿಜಿಟಲ್ ಲಾಕ್ ಹಾಕಿಸಿದರೆ ಈ ರಗಳೆಯೇ ಇಲ್ಲ ಅನ್ನುವವರಿದ್ದಾರೆ. ಬಹುಪಾಲು ಡಿಜಿಟಲ್ ಲಾಕುಗಳಿಗೂ ಒಂದು ಮಾಮೂಲಿ ಕೀ ಇರುತ್ತದೆ. ಅದು ಕಳೆದರೆ ಮತ್ತೆ ಇದೇ ಕಥೆ.

ಯಾವಾಗ ಮಾಡಬೇಕು, ಕೀ ಹೇಗೆ ಇಟ್ಟುಕೊಳ್ಳಬೇಕು

ಕೀ ಬಿದ್ದದ್ದು ಎಲ್ಲಿ ಅನ್ನುವುದರ ಮೇಲೆ ಅವಸರ ನಿರ್ಧಾರವಾಗುತ್ತದೆ. ಹೊಳೆಗೆ ಬಿದ್ದಿದ್ದರೆ ಡೂಪ್ಲಿಕೇಟ್ ಮಾಡಿಸಿಕೊಂಡು ಸುಮ್ನೆ ಇರಿ. ವಿಳಾಸ ಇರುವ ಆಧಾರ್ ಕಾರ್ಡ್ ಸಮೇತ ಪರ್ಸಿನಲ್ಲಿ ಹೋಗಿದ್ದರೆ ಅಂದೇ ಸಿಲಿಂಡರ್ ಬದಲಿಸಿ. ಹೊಸ ಫ್ಲ್ಯಾಟಿನಲ್ಲಿ ಇಂಟೀರಿಯರ್ ಕೆಲಸ ನಡೆಯುತ್ತಿದ್ದರೆ ಈಗಲೇ ಬೇಡ, ಕೊನೆಯ ಕೆಲಸದವರು ಹೋದ ಮೇಲೆ ಮಾಡಿ. ಮೊದಲೇ ಮಾಡಿದರೆ ಹೊಸ ಕೀಯೂ ಅವರ ಕೈಗೇ ಹೋಗುತ್ತದೆ, ಅಲ್ವಾ? ಮುಂದಿನ ಬಾಗಿಲು, ಬಾಲ್ಕನಿ ಬಾಗಿಲು ಎರಡಕ್ಕೂ ಒಂದೇ ಕೀ ಬೇಕಾದರೆ ಸಿಲಿಂಡರ್ ಕೊಳ್ಳುವಾಗಲೇ ಒಂದೇ ಕೀ ಇರುವ ಸೆಟ್ ಕೇಳಿ.

ಪ್ಯಾಕೆಟ್ಟಿನಲ್ಲಿ ಕೀ ನಂಬರಿರುವ ಕಾರ್ಡ್ ಬಂದರೆ ಮನೆ ಪತ್ರಗಳ ಜೊತೆ ಇಡಿ. ಕೀಗೆ ಫ್ಲ್ಯಾಟ್ ನಂಬರ್ ಬರೆದ ಚೀಟಿ ಕಟ್ಟಬೇಡಿ. ಗೃಹಪ್ರವೇಶದ ಖುಷಿಯಲ್ಲಿ ಕೀ ಹಿಡಿದು ತೆಗೆದ ಫೋಟೋ ಇನ್‌ಸ್ಟಾಗ್ರಾಮಿಗೆ ಹಾಕುವವರನ್ನು ನೋಡುತ್ತೇವೆ. ಹಲ್ಲು ಸ್ಪಷ್ಟವಾಗಿ ಕಂಡರೆ ಫೋಟೋ ನೋಡಿಯೇ ಕೀ ಮಾಡಬಹುದು.

ಬಾಡಿಗೆ ಮನೆಯವರಿಗೆ ಸಿಲಿಂಡರ್ ಬದಲಾವಣೆಯಷ್ಟು ಅನುಕೂಲದ್ದು ಇನ್ನೊಂದಿಲ್ಲ. ಹನ್ನೊಂದು ತಿಂಗಳ ಅಗ್ರಿಮೆಂಟಿಗೆ ಸೇರಿಕೊಳ್ಳುವಾಗಲೇ ಮಾಲೀಕರಿಗೆ ಹೇಳಿ, 'ಸಿಲಿಂಡರ್ ಮಾತ್ರ ಬದಲಿಸುತ್ತೇನೆ, ಹೋಗುವಾಗ ನಿಮ್ಮದನ್ನೇ ಹಾಕಿ ಕೊಡುತ್ತೇನೆ' ಅಂತ ವಾಟ್ಸ್ಯಾಪಿನಲ್ಲೂ ಒಂದು ಮೆಸೇಜ್ ಹಾಕಿ. ಹಳೆ ಸಿಲಿಂಡರ್, ಅದರ ಸ್ಕ್ರೂ, ಅದರ ಕೀಗಳು ಮೂರನ್ನೂ ಒಂದೇ ಕವರಿನಲ್ಲಿ ಹಾಕಿ ಬಾಗಿಲ ಅಳತೆ ಬರೆದಿಡಿ. ಖಾಲಿ ಮಾಡುವ ದಿನ ಅದನ್ನು ವಾಪಸ್ ಕೂರಿಸಿ, ನಿಮ್ಮದನ್ನು ಮುಂದಿನ ಮನೆಗೆ ಒಯ್ಯಿರಿ. ಅಳತೆ ಹೊಂದಿದರೆ ಅಲ್ಲೂ ಅದೇ ನಡೆಯುತ್ತದೆ.